ಕೋವಿ ನಿಷೇಧಿಸಿದರೆ ಕೊಲೆಗಳು ಇಳಿಯುವುವೆ?

ಬಂದೂಕು ನಿಷೇಧಿಸಿದರೆ ನಗರದ ಕೊಲೆಗಳು ಕಡಿಮೆಯಾಗುವುವೆ? ಉತ್ತರಿಸುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ.

ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಬಂದೂಕಿಗೆ ಪರವಾನಗಿ ಬೇಕು. ಬೇಲೂರು, ಅರಸೀಕೆರೆಯ ರೈತ ಬೆಳೆ ಕಾಯಲು ಕೋವಿ ಇಟ್ಟುಕೊಳ್ಳುವುದಿದ್ದರೂ ಅಷ್ಟೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲ ಬಗೆಯ ಬಂದೂಕುಗಳಿಗೆ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹಾಗಾದರೆ ಎರಡೂ ಕಡೆಯ ಕೊಲೆಗಳನ್ನು ಹೋಲಿಸಿದರೆ ಸಾಲದೆ? ಸಾಲದು. ಜನಸಾಂದ್ರತೆ, ಆದಾಯ, ಜಮೀನಿನ ವ್ಯಾಜ್ಯ ಎಲ್ಲವೂ ಬೇರೆಬೇರೆ.

ಒಂದೇ ಊರಿನ ಹಿಂದುಮುಂದಿನ ವರ್ಷಗಳನ್ನು ಹೋಲಿಸಿದರೆ? ಅಲ್ಲಿ ವರ್ಷಕ್ಕೆ ಸರಾಸರಿ 16 ಕೊಲೆಗಳೆಂದುಕೊಳ್ಳಿ. ವಿಶೇಷ ಕಾರಣವಿಲ್ಲದೆಯೂ ಈ ಸಂಖ್ಯೆ 16ರ ವರ್ಗಮೂಲದಷ್ಟು, ಅಂದರೆ ಸುಮಾರು 4ರಷ್ಟು, ಏರಿಳಿಯುತ್ತದೆ. ನಿಷೇಧದ ಮರುವರ್ಷ 12 ಆದರೆ ಅದನ್ನು ಕಾಯಿದೆಯ ಫಲವೆನ್ನಲಾಗದು. ಹಲವು ವರ್ಷಗಳ ಅಂಕಿಅಂಶ ಬೇಕು.

ಇನ್ನೊಂದು ಮಿತಿಯೂ ಉಂಟು. 100 ಕೊಲೆಗಳಲ್ಲಿ 10 ಬಂದೂಕಿನವಾದರೆ, ನಿಷೇಧ ಪೂರ್ಣ ಯಶಸ್ವಿಯಾದರೂ ಇಳಿಕೆ ಶೇಕಡ 10ನ್ನು ಮೀರದು. ಕೆಲವರು ಮಚ್ಚು ಹಿಡಿದರೆ ಇನ್ನೂ ಕಡಿಮೆ. ಆದರೆ ಗುಂಡೇಟು ಇರಿತಕ್ಕಿಂತ ಹೆಚ್ಚು ಮಾರಕ. ಆದ್ದರಿಂದ ಒಂದಿಷ್ಟು ಜೀವವಂತೂ ಉಳಿದೀತು. ಅಮೆರಿಕದಲ್ಲಿ ಸುಮಾರು ಮುಕ್ಕಾಲು ಪಾಲು ಕೊಲೆಗಳು ಬಂದೂಕಿನಿಂದಲೇ ಆಗುವುದರಿಂದ ಅಲ್ಲಿ ಈ ಮಿತಿ ಬಹಳ ದೊಡ್ಡದು.

ಧಾರವಾಡದಲ್ಲಿ 2015ರಲ್ಲಿ ಎಂ.ಎಂ. ಕಲಬುರ್ಗಿ, ಬೆಂಗಳೂರಿನಲ್ಲಿ 2017ರಲ್ಲಿ ಗೌರಿ ಲಂಕೇಶ್ ನಾಡಪಿಸ್ತೂಲಿನ ಗುಂಡಿಗೆ ಬಲಿಯಾದರೆಂದು ತನಿಖೆ ಹೇಳಿತು. ಅಂಥ ಆಯುಧ ಪರವಾನಗಿಯ ಕಡತಕ್ಕೆ ಬರುವುದೇ ಇಲ್ಲ. ಆದುದರಿಂದ ಕಾಯಿದೆಯನ್ನು ಅಳೆಯುವಾಗ ಕೇಳಬೇಕಾದ ಪ್ರಶ್ನೆ: ಅದು ಯಾರ ಕೈಯ, ಯಾವ ಬಂದೂಕನ್ನು ತಡೆಯಿತು?