ಸೀರೆಯ ಕೊಂಡಿಯೂ ತಂತ್ರಾಂಶದ ಬಿಡಿಭಾಗಗಳೂ

ಗಣಕದ ಪರದೆಯ ಮೇಲಿನ ಗುಂಡಿ, ಪಟ್ಟಿ ಮುಂತಾದವನ್ನು ಒಮ್ಮೆ ರಚಿಸಿ, ಹೆಸರಿಟ್ಟು, ಸರ್ವರ ಉಪಯೋಗಕ್ಕೆ ಪ್ರಕಟಿಸುವ ಪದ್ಧತಿಯೊಂದು ತಂತ್ರಾಂಶಕಾರರಲ್ಲಿ ಉಂಟು. ಇದರ ಮರ್ಮವನ್ನು ರಬಕವಿ-ಬನಹಟ್ಟಿಯ ವಿದ್ಯಾರ್ಥಿಗೆ ತಿಳಿಸಲು ನಮ್ಮ ಜಿಲ್ಲೆಯದೇ ಆದ ಇಳಕಲ್ಲ ಸೀರೆ ಸಾಕು. ಅದರ ಅಂಚಿಗೆ ಚಿಕ್ಕಿ, ಗೋಮಿ; ಸೆರಗಿನ ತುದಿಗೆ ಹಣಿಗೆ, ಕೋಟೆ, ತೆನೆ. ಹೆಸರು ಹೇಳಿದೊಡನೆ ನೇಕಾರನಿಗೆ ರೂಪ ತಿಳಿಯುವುದು. ಆದರೆ ನನ್ನ ಮತಿಗೆ ಚಿತ್ತಾರಕ್ಕಿಂತ ಕೊಂಡಿಯೇ ಹಿರಿದು. ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಬೇರೆಬೇರೆ ಸಿದ್ಧಪಡಿಸಿ, ಕುಣಿಕೆಗೆ ಕುಣಿಕೆ ತೊಡಿಸಿ ಕೂಡಿಸುವರು. ಎಳೆಗಳ ಎಣಿಕೆ ಹೊಂದದಿದ್ದರೆ ಎಂಥ ಸುಂದರ ಸೆರಗೂ ನಿರುಪಯುಕ್ತವೇ. ತಂತ್ರಾಂಶಕಾರನೂ ಭಾಗದ ಒಳರಚನೆಯನ್ನು ತಿದ್ದಬಹುದು. ಕೂಡುವ ಬಗೆಯನ್ನು ಮುನ್ಸೂಚನೆಯಿಲ್ಲದೆ ಬದಲಿಸಿದನೆಂದರೆ ಅದನ್ನು ನೆಚ್ಚಿದವರೆಲ್ಲರ ಕೆಲಸ ಕೆಡುವುದು. ಕೊಂಡಿ ಕೈಯಿಂದಲೇ ಆಗತಕ್ಕದ್ದು. ಒಂದೇ ಹಾಸಿನಲ್ಲಿ ಓಡುವ ವಿದ್ಯುತ್ ಮಗ್ಗದ ಸೀರೆಯಲ್ಲಿ ಚಿಕ್ಕಿ, ಗೋಮಿಗಳು ಬರುತ್ತವೆ, ಕೊಂಡಿ ಬರುವುದಿಲ್ಲ.