ಜುಬೈಲ್‌ಗೆ ಹೊರಡುವ ಮುನ್ನ

'ಅಣ್ಣ, ಸೌದಿಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್ ಕೆಲಸ ಸಿಗುತ್ತಾ?' ಅಂತ ಮೆಕ್ಯಾನಿಕಲ್ ಮುಗಿಸಿದ ಜೂನಿಯರ್‌ಗಳು ಕೇಳ್ತಾನೇ ಇರ್ತಾರೆ. ಸಿಗುತ್ತೆ, ಆದರೆ ಮೊದಲ ಕೆಲಸವಾಗಿ ಅಲ್ಲ. ಐದು ವರ್ಷ ಅನುಭವವಿಲ್ಲದ ವಿದೇಶಿ ಎಂಜಿನಿಯರುಗಳನ್ನು ಕರೆಸಿಕೊಳ್ಳಬಾರದೆಂದು ಸೌದಿ 2017ರಲ್ಲೇ ತೀರ್ಮಾನಿಸಿತು.

ಆ ಐದು ವರ್ಷ ಊರಲ್ಲೇ ಕಳೆಯಿರಿ. ಸುರತ್ಕಲ್ ಹತ್ತಿರದ ಎಂಆರ್‌ಪಿಎಲ್ ಆಗಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಾಗಲಿ, ಪಂಪು, ಕಂಪ್ರೆಸರ್‌ಗಳ ಜೊತೆ ಕೈ ಮಸಿ ಮಾಡಿಕೊಳ್ಳಿ. ಕಂಪನ ಅಳೆದು ಬೇರಿಂಗ್ ಕೆಡುವುದನ್ನು ಮೊದಲೇ ಗುರುತಿಸುವುದು, ಶಟ್‌ಡೌನ್ ಪ್ಲಾನ್ ಮಾಡುವುದು, ರಿಪೇರಿಗೆ ಮುನ್ನ ಕರೆಂಟ್ ತೆಗೆದು ಬೀಗ ಹಾಕಿ ಟ್ಯಾಗ್ ಕಟ್ಟುವುದು: ಇಂಟರ್‌ವ್ಯೂನಲ್ಲಿ ನನ್ನನ್ನು ಕೇಳಿದ್ದು ಇದನ್ನೇ.

ಇನ್ನು ಕಾಗದಪತ್ರ. ಡಿಗ್ರಿ ಸರ್ಟಿಫಿಕೇಟಿಗೆ ಅಪೊಸ್ಟಿಲ್ ಮಾಡಿಸಿ. 2022ರ ಡಿಸೆಂಬರ್‌ನಿಂದ ಸೌದಿ ಅದನ್ನು ಒಪ್ಪುತ್ತದೆ. ಎಂಜಿನಿಯರ್ ಅನ್ನಿಸಿಕೊಳ್ಳಲು ಸೌದಿ ಎಂಜಿನಿಯರುಗಳ ಮಂಡಳಿಯಲ್ಲಿ ನೋಂದಣಿಯೂ ಕಡ್ಡಾಯ.

ಕೊನೆಗೊಂದು ಮಾತು. 'ಈಗ ಟೆಕ್ನಿಷಿಯನ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ' ಅಂತ ಏಜೆಂಟ್ ಅಂದರೆ ಒಪ್ಪಬೇಡಿ. ವೀಸಾದಲ್ಲಿರುವ ಹುದ್ದೆಯೇ ಇಕಾಮಾಗೂ ಬರುತ್ತದೆ. ನನ್ನ ರೂಮ್‌ಮೇಟ್ ಒಬ್ಬ ಹಾಗೆ ಬಂದ. ಮೂರು ವರ್ಷ ಎಂಜಿನಿಯರ್ ಕೆಲಸವನ್ನೇ ಮಾಡಿದ. ಸಂಬಳವೂ ಟೆಕ್ನಿಷಿಯನ್‌ದು, ಅನುಭವ ಪತ್ರವೂ ಟೆಕ್ನಿಷಿಯನ್‌ದು. ವೀಸಾದಲ್ಲಿ ಅರೇಬಿಕ್‌ನಲ್ಲಿರುವ ಹುದ್ದೆಯ ಹೆಸರನ್ನು ಬಲ್ಲವರಿಂದ ಓದಿಸಿಕೊಂಡೇ ಗಂಟುಮೂಟೆ ಕಟ್ಟಿ.