ಹತ್ತೋದಕ್ಕಿಂತ ಇಳಿಯೋ ಲೆಕ್ಕವೇ ದೊಡ್ಡದು
ಗಡಿಶಿಖರ ಪಿಟ್ಸ್ ಬಡೀಲೆಯ ಉತ್ತರ ಏಣು

ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಜನಕ್ಕೆ ಗ್ರಾನೈಟ್ ಬಂಡೆ ಹೊಸತೇನಲ್ಲ. ಕೋಟೆ ಬೆಟ್ಟ ಹತ್ತಿ, ಮೇಲೆ ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗೋದರೊಳಗೆ ಮನೆ ಸೇರೋದು ವಾಡಿಕೆ. ಆದರೆ ಅದೇ ಜಾತಿಯ ಕಲ್ಲು ಹಿಮದ ಸೀಮೆಯಲ್ಲಿ 3,308 ಮೀಟರ್ ಎತ್ತರಕ್ಕೆ ಕತ್ತಿಯ ಅಲಗಿನಂತೆ ನಿಂತಿದ್ದರೆ? ಅಂಥದ್ದೊಂದು ಶಿಖರ ಆಲ್ಪ್ಸ್ ಪರ್ವತದ ಪಿಟ್ಸ್ ಬಡೀಲೆ. ಅದರ ನೆತ್ತಿಯ ಮೇಲೇ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿರೇಖೆ ಹಾದುಹೋಗುತ್ತದೆ.

ಶಿಖರದ ಉತ್ತರಕ್ಕಿರುವ ಬ್ರೆಗಾಲ್ಯ ಕಣಿವೆ ಸ್ವಿಟ್ಜರ್ಲೆಂಡಿಗೆ ಸೇರಿದ್ದು. ಜನರ ಮಾತು ಮಾತ್ರ ಇಟಾಲಿಯನ್. ಅವರಿರುವ ಗ್ರಾವ್‌ಬ್ಯುಂಡನ್ ಪ್ರಾಂತ್ಯದಲ್ಲಿ ಜರ್ಮನ್, ರೊಮಾನ್ಷ್, ಇಟಾಲಿಯನ್ ಈ ಮೂರೂ ಅಧಿಕೃತ ಭಾಷೆಗಳೇ. ಗಡಿಯಲ್ಲಿ ಬಾಳುವ ನಮಗೆ ಇದು ಗಮನಿಸತಕ್ಕ ಸಂಗತಿ.

1923ರಲ್ಲಿ ಆಲ್ಫ್ರೆಡ್ ಜ್ಯೂರ್ಶರ್ ಮತ್ತು ವಾಲ್ಟರ್ ರಿಶ್ ಈ ಶಿಖರದ ಉತ್ತರ ಏಣನ್ನು ಮೊದಲ ಬಾರಿಗೆ ಹತ್ತಿದರು. ಇಂದಿಗೂ ಅದು ಯುರೋಪಿನ ಹೆಸರಾಂತ ಬಂಡೆದಾರಿಗಳಲ್ಲೊಂದು. ಕಲ್ಲು ಗಟ್ಟಿ, ಹಿಡಿತ ಧಾರಾಳ, ಕಷ್ಟವೂ ಮಧ್ಯಮ ದರ್ಜೆಯದೇ. ಹಾಗಾದ್ರೆ ಅಪಾಯ ಎಲ್ಲಿದೆ? ಉದ್ದದಲ್ಲಿದೆ, ಹವೆಯಲ್ಲಿದೆ, ಇಳಿಯುವ ದಾರಿಯಲ್ಲಿದೆ.

ಗಡಿಯಾರದ ಲೆಕ್ಕ

ಏಣಿನ ಎತ್ತರ ಸುಮಾರು 700 ಮೀಟರ್. ಒಬ್ಬ ಹತ್ತಿ ಹಗ್ಗ ಕಟ್ಟಿ, ಇನ್ನೊಬ್ಬನನ್ನು ಬರಮಾಡಿಕೊಳ್ಳುವ ಒಂದು ಹಂತಕ್ಕೆ 'ಪಿಚ್' ಎನ್ನುತ್ತಾರೆ. ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಿಚ್. ಒಂದಕ್ಕೆ 20 ನಿಮಿಷ ಹಿಡಿದರೆ 7 ಗಂಟೆ. ಅದೇ 40 ನಿಮಿಷವಾದರೆ 13 ಗಂಟೆ ದಾಟುತ್ತೆ, ಕತ್ತಲಾಗುತ್ತೆ. ಆದ್ದರಿಂದ ಜೋಡಿ ತನ್ನ ವೇಗವನ್ನು ಊರ ಹತ್ತಿರದ ಬಂಡೆಗಳಲ್ಲೇ ಅಳೆದುಕೊಂಡು ಹೋಗಬೇಕು. 'ನೋಡ್ಕೊಳ್ಳೋಣ ಬಿಡಿ' ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಹಿಂದಿನ ರಾತ್ರಿ 1,904 ಮೀಟರ್ ಎತ್ತರದ ಸಾಶ್ ಫುರಾ ತಂಗುಮನೆಯಲ್ಲಿ ಮಲಗಿ, ನಸುಕಿಗೆ ಮುನ್ನವೇ ತಲೆದೀಪ ಹೊತ್ತಿಸಿ ಹೊರಡುವುದು ರೂಢಿ. ಏಣಿನ ಬುಡಕ್ಕೆ ಸುಮಾರು ಎರಡು ಗಂಟೆ ನಡಿಗೆ. ಬೇಸಿಗೆಯಲ್ಲಿ ಆಲ್ಪ್ಸ್‌ನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಎರಗುತ್ತದೆ. ಎರಡೂ ಮಗ್ಗುಲು ಪ್ರಪಾತವಿರುವ ಏಣಿನಲ್ಲಿ ಸಿಡಿಲಿಗೆ ಮರೆಯೆಂಬುದಿಲ್ಲ. ಒದ್ದೆಯಾದರೆ ಕಲ್ಲಹೂ ಬೆಳೆದ ಬಂಡೆ ಪಾಚಿಗಟ್ಟಿದ ಬಾವಿ ಮೆಟ್ಟಿಲಿನಂತೆ ಜಾರುತ್ತೆ. ಆದಕಾರಣ 'ಇಷ್ಟು ಗಂಟೆಗೆ ಇಲ್ಲಿಗೆ ಮುಟ್ಟದಿದ್ದರೆ ವಾಪಸ್' ಎಂದು ಕೆಳಗೆ ಇದ್ದಾಗಲೇ ನಿಶ್ಚಯವಾಗಬೇಕು. ಮೇಲೆ ಹೋದ ಮೇಲೆ ಆಸೆ ಲೆಕ್ಕ ತಪ್ಪಿಸುತ್ತದೆ.

ತುದಿ ಅರ್ಧ ದಾರಿ ಮಾತ್ರ

1937ರ ಜುಲೈ 14ರಿಂದ 16ರವರೆಗೆ ಇದೇ ಶಿಖರದ ಈಶಾನ್ಯ ಗೋಡೆಯನ್ನು ರಿಕಾರ್ಡೊ ಕಸ್ಸೀನ್, ಜೀನೊ ಎಸ್ಪೊಸಿಟೊ, ವಿಟ್ಟೋರಿಯೊ ರಾಟ್ಟಿ ಮೊದಲು ಗೆದ್ದರು. ಅದೇ ಗೋಡೆಯಲ್ಲಿ ಸಿಕ್ಕ ಕೋಮೊ ಊರಿನ ಮಾರಿಯೊ ಮೊಲ್ಟೇನಿ ಮತ್ತು ಜುಸೆಪ್ಪೆ ವಲ್ಸೆಕ್ಕಿ ಅವರ ಜೊತೆಗೂಡಿದ್ದರು. ಬಿರುಗಾಳಿ, ಹಿಮ ಬಡಿಯಿತು. ಐವರೂ ಗೋಡೆ ದಾಟಿದರು. ಆದರೆ ಕಷ್ಟವೆಲ್ಲ ಮುಗಿಯಿತೆನ್ನುವ ಹೊತ್ತಿನಲ್ಲಿ ಮೊಲ್ಟೇನಿ, ವಲ್ಸೆಕ್ಕಿ ಇಬ್ಬರೂ ದಣಿವು ಮತ್ತು ಚಳಿಯಿಂದ ಪ್ರಾಣಬಿಟ್ಟರು. ಕಸ್ಸೀನ್ ಐವತ್ತು ವರ್ಷಗಳ ಬಳಿಕ, 1987ರಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ ಅದೇ ಗೋಡೆಯನ್ನು ಮತ್ತೆ ಏರಿದರು.

ಇಳಿಯಲು ಎರಡು ದಾರಿ. ಹತ್ತಿದ ಏಣಿನಲ್ಲೇ ಹಗ್ಗ ಹಿಡಿದು ಹಿಂದಿರುಗುವುದು ಒಂದು. ಇದು ನಿಧಾನ, ಮೇಲಾಗಿ ಹತ್ತಿ ಬರುವವರಿಗೆ ಅಡ್ಡಿ. ದಕ್ಷಿಣಕ್ಕೆ ಇಟಲಿಯೊಳಗೆ ಜಿಯಾನೆಟ್ಟಿ ತಂಗುಮನೆಗೆ ಇಳಿಯುವುದು ಇನ್ನೊಂದು. ಇದನ್ನು ಹಿಡಿದರೆ ಸಾಮಾನು ಬಿಟ್ಟ ಕಣಿವೆಗೆ ಮರಳಲು ಮಾರನೇ ದಿನ ಪೊರ್ಚೆಲ್ಲಿಟ್ಸೊ, ಟ್ರುಬಿನಾಸ್ಕಾ ಕಣಿವೆದಾರಿಗಳನ್ನು ದಾಟಬೇಕು. ಹೀಗಾಗಿ ಬೂಟು, ಗುರುತಿನ ಚೀಟಿ, ದುಡ್ಡು ಎಲ್ಲ ಬೆನ್ನ ಮೇಲೇ ಇರಬೇಕು. ನೆತ್ತಿಯ ಸಮೀಪ ರೆಡಾಯೆಲ್ಲಿ ಎಂಬ ಪುಟ್ಟ ಆಸರೆ ಗೂಡಿದೆ. ಅದು ಆಪತ್ತಿಗೆ, ಯೋಜನೆಗಲ್ಲ. ಸಹಾಯ ಕೋರಲು ಸ್ವಿಸ್ ಕಡೆ 1414, ಇಟಲಿ ಕಡೆ 112. ಎರಡನ್ನೂ ಬರೆದಿಟ್ಟುಕೊಂಡಿರಬೇಕು.

ಬೆಟ್ಟವೂ ಬದಲಾಗುತ್ತದೆ

ಹಳೇ ನಕ್ಷೆಯೊಂದನ್ನೇ ನಂಬಿ ಹೊರಡುವಂತಿಲ್ಲ. 2017ರ ಆಗಸ್ಟ್ 23ರಂದು ಪಕ್ಕದ ಪಿಟ್ಸ್ ಚೆಂಗಾಲೊ ಶಿಖರದಿಂದ ಸುಮಾರು 30 ಲಕ್ಷ ಘನ ಮೀಟರ್ ಬಂಡೆ ಕಳಚಿಬಿತ್ತು. ಬೊಂಡಾಸ್ಕಾ ಕಣಿವೆಯಲ್ಲಿದ್ದ ಎಂಟು ಚಾರಣಿಗರು ಕಣ್ಮರೆಯಾದರು. ಕೆಸರು, ಕಲ್ಲಿನ ಪ್ರವಾಹ ಬೊಂಡೊ ಗ್ರಾಮದವರೆಗೂ ನುಗ್ಗಿತು. ಕಣಿವೆಯ ಹಳೆಯ ಕಾಲುದಾರಿಗಳು ಮುಚ್ಚಿದವು. ಎತ್ತರದಲ್ಲಿ ಬಂಡೆಬಿರುಕುಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ಮಂಜುಗಡ್ಡೆ ಕರಗಿದಂತೆ ಇಂಥ ಕುಸಿತಕ್ಕೆ ದಾರಿಯಾಗುತ್ತದೆಂದು ತಜ್ಞರು ಎಚ್ಚರಿಸುತ್ತಾರೆ. ಈಗ ಹೋಗುವವರು ತಂಗುಮನೆಯವರನ್ನೇ ಮೊದಲು ಕೇಳಬೇಕು: ಯಾವ ದಾರಿ ತೆರೆದಿದೆ, ಏಣಿನ ಮೇಲೆ ಹಿಮ ಇದೆಯೇ, ನಾಳೆ ಮೋಡ ಹೇಗೆ?

ಇಷ್ಟೆಲ್ಲ ಕೇಳಿ, ಲೆಕ್ಕ ಹಾಕಿ, ಕೊನೆಗೆ 'ಈ ಸಲ ಬೇಡ' ಎಂದು ವಾಪಸಾದರೆ ಅದು ಸೋಲೇನಲ್ಲ. ಬೆಟ್ಟ ಎಲ್ಲಿಗೂ ಹೋಗೋದಿಲ್ಲ. ಹತ್ತುವವನು ಉಳಿದಿರಬೇಕು, ಅಷ್ಟೇ.